ಶೇಖಮ್ಮನ ಮನೆಗೆ ಬಂದ ಲಿನಕ್ಸ್

ಶೇಖಮ್ಮ ಫ್ಲಾಪಿ ತೆರೆದದ್ದೇ, ಮದುವೆ ಪತ್ರಿಕೆಯಲ್ಲಿ ಮದುಮಗಳ ಹೆಸರಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಪ್ರಶ್ನೆಚಿಹ್ನೆಗಳೂ ಕಲಸಿಕೊಂಡು ನಿಂತವು. ಹುಡುಗಿಯ ತಂದೆ, ತುರ್ವಿಹಾಳದ ಬಾಲಪ್ಪ, ಬಗ್ಗಿ ನೋಡಿದ. “ಯಕ್ಕಾ, ನನ್ನ ಮಗಳ ಮದುವಿ ಲಂಡನ್ನಿನಾಗ ಐತೇನು?”

ಶೇಖಮ್ಮ ನಗಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಪತ್ರಿಕೆ ಟೈಪು ಮಾಡಿಯೇ ಅವಳ ಒಲೆ ಉರಿಯುತ್ತಿತ್ತು. ತಮ್ಮನ ಕಡೆ ತಿರುಗಿದಳು. “ಏನ್ ಮಾಡಿಟ್ಟಿಯಲೇ ದ್ಯಾವಪ್ಪ?”

“ವಿಂಡೋಸ್ ಅಳಿಸಿ ಲಿನಕ್ಸ್ ಹಾಕೀನಕ್ಕ. ಅದು ಕದ್ದ ಕಾಪಿ. ಇದು ಪುಕ್ಕಟೆ, ಯಾರ ಹಂಗೂ ಇಲ್ಲ, ಎಲ್ಲರದು. ಕನ್ನಡ ಒಂದು ಇನ್ನಾ ಬಂದಿಲ್ಲ. ಯಾರರ ಬರದು ಹಾಕ್ತಾರ ತಗೋ.”

“ನನ್ನ ಒಂದು ಮಾತು ಕೇಳಿದ್ಯಾ?” ಶೇಖಮ್ಮನ ದನಿ ಬೀದಿಗೆ ಕೇಳುವಷ್ಟು ಏರಿತು. “ಆ ಕದ್ದದ್ದು ನನ್ನ ಭಾಷಾ ಬರೀತಿತ್ತು. ನಿನ್ನ ಈ ಎಲ್ಲರದಕ್ಕ ಇವನ ಮಗಳ ಹೆಸರು ಬರಿಯಾಕ ಬರಂಗಿಲ್ಲ. ಹಂಗಾದ್ರ ಆ ಎಲ್ಲರೊಳಗ ನಾವಿಲ್ಲೇನಲೇ?”

ಅವಳು ಲಿನಕ್ಸಿನ ಸಿ.ಡಿ.ಯನ್ನು ಕಂಪ್ಯೂಟರಿನಿಂದ ಹೊರತೆಗೆದು ದ್ಯಾವಪ್ಪನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಒತ್ತಿ ಮಡಿಚಿದಳು.

“ಇವತ್ತಿಗೆ ಆ ಕಳ್ಳಮಾಲನ್ನ ತಿರುಗಿ ಹಾಕು. ಇದಕ್ಕ ನೀನ ಕನ್ನಡ ಕಲಿಸಿ ಕರಕೊಂಡು ಬಾ. ಬಾಗಲಾ ನಾನ ತೆಗಿತೀನಿ.”