ಅಜ್ಜಿಯ ಎರಡನೆಯ ಡಬ್ಬಿ

ಗಾಜಿನ ಪಟ್ಟಿಯ ಮೇಲಿನ ನೀಲಿ ಕಲೆ ನನ್ನ ಹೆಬ್ಬೆರಳಿನ ಉಗುರಿನಷ್ಟಿತ್ತು. ಸ್ಪಿರಿಟ್ ದೀಪದ ವಾಸನೆ ಬಂದರೆ ಇಂದಿಗೂ ಕುರುಬರಹಳ್ಳಿಯ ಆ ಪುಟ್ಟ ಲ್ಯಾಬ್ ನೆನಪಾಗುತ್ತದೆ. ಅಲ್ಲಿ ಟೆಕ್ನೀಷಿಯನ್ ಆಗಿದ್ದ ಅಮ್ಮ, ತಿಂಗಳಿಂದ ಕೆಮ್ಮುತ್ತಿದ್ದ ಅಜ್ಜಿಯ ಕಫವನ್ನು ಆ ಪಟ್ಟಿಗೆ ಬಳಿದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕ್ಷಯದ ಕ್ರಿಮಿ ಹುಡುಕುತ್ತಿದ್ದಳು. ಒಂದೂ ಕಾಣಲಿಲ್ಲ.

“ಸದ್ಯ, ಏನೂ ಇಲ್ವಲ್ಲ,” ಎಂದರು ಬೆಂಚಿನ ಮೇಲಿದ್ದ ಅಜ್ಜಿ.

“ಇದು ಬರೀ ಎಂಜಲು ಅತ್ತೆ. ಎದೆಯಿಂದ ಕೆಮ್ಮಿ ತೆಗೀಬೇಕು.”

“ಸೊಸೆ ಮುಂದೆ ಕ್ಯಾಕರಿಸೋದಾ? ಅಷ್ಟೊಂದು ಮಾನಗೆಟ್ಟಿಲ್ಲ ಕಣೇ.”

ಕ್ರಿಮಿ ಇಲ್ಲವೆಂದು ಬರೆದು ಅಮ್ಮ ಮುಗಿಸಬಹುದಿತ್ತು. ಬರೆಯದೆ, ಕಫ ಹಿಡಿಯುವ ಹೊಸ ಡಬ್ಬಿಯನ್ನು ನನ್ನ ಕೈಗಿಟ್ಟಳು. “ಬೆಳಿಗ್ಗೆ ಎದ್ದ ತಕ್ಷಣದ್ದು ಬೇಕು. ಗಾಳಿ ಆಡೋ ಕಡೆ, ತಾರಸಿಗೆ ಅಜ್ಜೀನ ಕರ್ಕೊಂಡ್ ಹೋಗು. ನೀನು ಹಿಂದೆ ನಿಂತ್ಕೊ.”

ಮರುದಿನ ಬೆಳಿಗ್ಗೆ ಅಜ್ಜಿಯ ಬೆನ್ನ ಹಿಂದೆ ನಿಂತು, ಅವರಿಗೆ ನಾಚಿಕೆಯಾಗದಂತೆ ಕಣ್ಣು ಮುಚ್ಚಿ, ಅವರು ಮನಸಾರೆ ಕೆಮ್ಮುವವರೆಗೂ ಕಾದೆ. ಮುಚ್ಚಳ ಬಿಗಿದು ಡಬ್ಬಿಯನ್ನು ಲ್ಯಾಬಿಗೆ ನಾನೇ ಒಯ್ದೆ. ಕ್ರಿಮಿಗಳು ಸಿಕ್ಕಿದ್ದು ಅದರಲ್ಲೇ.