ಕೆಟ್ಟ ಪ್ಲಗ್ಗು

ಪೆಟ್ರೋಲ್ ವಾಸನೆ ಬಂದರೆ ಈಗಲೂ ನಮ್ಮೂರು ನರೋಣಾದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಹಳೆಯ ಕಾರು ನಡುಗುತ್ತಿತ್ತು. ಎಂಜಿನ್ ಚಾಲೂ ಇಟ್ಟು, ಯಾವ ಪ್ಲಗ್ಗು ಕೆಟ್ಟಿದೆಯೆಂದು ನೋಡಲು ಅವುಗಳ ವೈರುಗಳನ್ನು ಅಪ್ಪ ಒಂದೊಂದಾಗಿ ಕಿತ್ತು ಸಿಕ್ಕಿಸುತ್ತಿದ್ದ. ಕಿತ್ತಾಗಲೆಲ್ಲ ಸದ್ದು ಇನ್ನಷ್ಟು ಕೆಡುತ್ತಿತ್ತು. ಕೊನೆಯದನ್ನು ಕಿತ್ತಾಗ ಮಾತ್ರ ಏನೂ ಬದಲಾಗಲಿಲ್ಲ. ಮಾತು ತೊದಲುವ ನನ್ನ ತಮ್ಮ ಶರಣು ನಟ್ಟು ಬಿಚ್ಚುವ ಪಾನಾ ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಇದೇ ನೋಡ್ರಿ ಕಳ್ಳ. ಇದ್ರೂ ಅಷ್ಟ, ಇಲ್ಲಂದ್ರೂ ಅಷ್ಟ," ಅಂದ ಅಪ್ಪ.

"ಹಂಗಾರ ನಮ್ಮ ಮನ್ಯಾಗ ಇದು ಶರಣು ಅಲ್ಲೇನಪ್ಪಾ!" ಅಂದೆ.

ಅಪ್ಪ ಬಿದ್ದುಬಿದ್ದು ನಕ್ಕ. ನಾನು ಆ ನಗುವನ್ನೇ ನೋಡುತ್ತಿದ್ದೆ.

ಪ್ಲಗ್ ಬದಲಿಸಿ, ಆಳಂದ ರಸ್ತೆಯಲ್ಲಿ ಒಂದು ಸುತ್ತು ಹೋದೆವು. ಹಿಂದಿನ ಸೀಟಿನಲ್ಲಿ ಶರಣು ಇಲ್ಲವೆಂದು ತಿಳಿದದ್ದು ಮರಳಿ ಅಂಗಳಕ್ಕೆ ಬಂದಾಗಲೇ. ಪಾನಾ ಹಿಡಿದು ಅವನು ಇನ್ನೂ ಅಲ್ಲೇ ನಿಂತಿದ್ದ.

"ಚ... ಚಲೋ ಓಡಿತೇನಕ್ಕಾ?"

"ಹೂಂ ಲೇ, ಭಾಳ ಚಲೋ ಓಡಿತು," ಅಂದುಬಿಟ್ಟೆ.