ಮೊದಲ ಕಾಮೆಂಟು

"ರೀ, ಬಂತು, ಒಂದು ಕಾಮೆಂಟ್ ಬಂತು," ಎಂದು ಅವಳು ಕೂಗಿಕೊಂಡ ರಭಸಕ್ಕೆ, ಹಲ್ಲುಜ್ಜುತ್ತಿದ್ದ ಗಂಡ ಬಾಯಿತುಂಬ ನೊರೆ ಇಟ್ಟುಕೊಂಡೇ ಓಡಿಬಂದ. ಎರಡು ವರ್ಷದಿಂದ ಅವಳು ಬ್ಲಾಗ್ ಬರೆಯುತ್ತಿದ್ದಳು. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ನಿಂತು ಬಂದವಳು ಸಂಜೆ ಕಂಪ್ಯೂಟರ್ ಮುಂದೆ ಕೂತು, ಹೆಸರು ಹೇಳಿಕೊಳ್ಳದೆ, ಮನೆಯ ತಮಾಷೆಗಳನ್ನು ಬರೆದು ಹಾಕುವಳು. ಓದಿದವರ ಸಂಖ್ಯೆ ಅಷ್ಟಿಷ್ಟು ತೋರಿಸುತ್ತಿತ್ತು. ಆದರೆ ಒಂದು ನರಪಿಳ್ಳೆಯೂ ಕೆಳಗೆ ಒಂದಕ್ಷರ ಬರೆದಿರಲಿಲ್ಲ. ಬೇಸತ್ತು ನಿನ್ನೆ ತಾನೇ "ಓದಿ ಒಂದು ಮಾತು ಹೇಳುವವರೇ ಇಲ್ಲದ ಮೇಲೆ ಯಾರಿಗೆ ಬರೆಯಲಿ, ಇದೇ ಕೊನೆಯದು" ಎಂದು ಬರೆದು ಕೈತೊಳೆದುಕೊಂಡಿದ್ದಳು.

"ಯಾರು ಬರ್ದಿದ್ದು?" ಗಂಡ ನೊರೆಯ ನಡುವೆಯೇ ಕೇಳಿದ.

"ಹೆಸರಿಲ್ಲ. ಸೈಲೆನ್ಸರ್ ಬಗ್ಗೆ ಬರ್ದಿದ್ನಲ್ಲ, ಅದಕ್ಕೆ ಬಂದಿದೆ. ತಡೀರಿ, ಓದ್ತೀನಿ."

ಸೈಲೆನ್ಸರ್ ಎಂದರೆ ಅವಳ ಮಾವ. ಬದುಕಿಡೀ ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ, ಮನೆಯಲ್ಲಿ ಮಾತ್ರ ಸದ್ದಿಲ್ಲ. ಮದುವೆಯಾದ ಮೇಲೆ ಅವಳು ಮೊದಲ ಸಲ ಕೆಲಸಕ್ಕೆ ಹೊರಟಾಗ, ಹೊಸಿಲ ಹತ್ತಿರ ಕೈಚಾಚಿ, "ಬೀಗದ ಕೈ ಇಟ್ಟು ಹೋಗು" ಎಂದಿದ್ದರು. ಅಷ್ಟೇ ಮಾತು. ಅದನ್ನೇ ಹಿಡಿದು ಅವಳು ಉಪ್ಪುಕಾರ ಹಚ್ಚಿ ಬರೆದಿದ್ದಳು. ಸೊಸೆಯ ಕೈಗೆ ಬೀಗದ ಕೈ ಕೊಡಲು ಸೈಲೆನ್ಸರ್‌ಗೆ ಮನಸ್ಸು ಬರುವುದಿಲ್ಲವಂತೆ, ಸಂಜೆ ಬೆಲ್ ಒತ್ತುವ ಮೊದಲೇ ಬಾಗಿಲು ತೆಗೆದು ಬಸ್ಸು ಲೇಟಾಯಿತೇ ಎಂಬಂತೆ ಗಡಿಯಾರ ನೋಡುತ್ತಾರಂತೆ.

ಅವಳು ದೊಡ್ಡ ದನಿಯಲ್ಲೇ ಓದತೊಡಗಿದಳು. "ಬರಹ ಚೆನ್ನಾಗಿದೆ. ನಗು ಬಂತು. ಒಂದು ತಿದ್ದುಪಡಿ. ಬೀಗದ ಕೈ ಕೇಳಿದ್ದು ಅಪನಂಬಿಕೆಯಿಂದಲ್ಲ. ಹೆಂಡತಿ ಹೋದ ಮೇಲೆ, ದಿನಾ ಡ್ಯೂಟಿ ಮುಗಿಸಿ ಬಂದು ನಾನೇ ಬೀಗ ತೆಗೆದು ಖಾಲಿ ಮನೆಯೊಳಗೆ ಕಾಲಿಡುತ್ತಿದ್ದೆ. ಆ ಕಷ್ಟ ಈ ಹುಡುಗಿಗೆ ಬೇಡ, ದಣಿದು ಬಂದಾಗ ಒಳಗಿಂದ ಬಾಗಿಲು ತೆಗೆಯುವವರು ಒಬ್ಬರು ಇರಲಿ ಅಂತ..."

ಓದುತ್ತ ಓದುತ್ತ ಅವಳ ದನಿ ಇಳಿಯಿತು. ಗಂಡ ನೊರೆ ನುಂಗಿಬಿಟ್ಟ. "ಅಪ್ಪನಾ?" ಎಂದ.

ನೆಲ ಬಾಯಿಬಿಟ್ಟರೆ ಒಳಗೆ ಇಳಿದುಬಿಡೋಣ ಅನ್ನಿಸಿತು ಅವಳಿಗೆ. ಎರಡು ವರ್ಷದಲ್ಲಿ ಏನೇನೆಲ್ಲ ಬರೆದಿದ್ದಳೋ. ಅವರ ಗೊರಕೆ, ಅವರ ಹಳೇ ಸ್ವೆಟರ್, ಊಟಕ್ಕೆ ಕೂತಾಗಲೂ ಹಾರ್ನ್ ಒತ್ತುವ ಹಾಗೆ ಆಡುವ ಹೆಬ್ಬೆರಳು. ಆದರೂ ಕಾಲು ನಿಲ್ಲಲಿಲ್ಲ. ವರಾಂಡಕ್ಕೆ ಹೋದಳು. ಮಾವ ಟೇಬಲ್ ಫ್ಯಾನ್ ಬಿಚ್ಚಿ ಹರಡಿಕೊಂಡು ಕೂತಿದ್ದರು.

"ಮಾವ, ನೀವು ಓದ್ತೀರಾ?"

"ಹೂಂ." ರೆಕ್ಕೆಯ ಧೂಳು ಒರೆಸುತ್ತಲೇ ಇದ್ದರು. "ಒಂದಿನ ನೀನು ಕಂಪ್ಯೂಟರ್ ತೆರೆದಿಟ್ಟೇ ಹೋಗಿದ್ದೆ. ಅವತ್ತಿಂದ ಒಂದೂ ಬಿಟ್ಟಿಲ್ಲ."

"ಮತ್ತೆ ಇಷ್ಟು ದಿನ ಯಾಕೆ ಒಂದು ಮಾತೂ ಬರೀಲಿಲ್ಲ?"

"ಬರೆದಿದ್ರೆ ನೀನು ಹುಷಾರಾಗ್ತಿದ್ದೆ. ನನ್ನನ್ನ ಒಳ್ಳೆಯವನು ಮಾಡಿ ಕೂರಿಸ್ತಿದ್ದೆ. ಅದನ್ನ ಯಾರು ಓದ್ತಾರೆ?" ಎಂದು ಮಾವ ಸ್ಕ್ರೂ ಒಂದನ್ನು ಹುಡುಕಿದರು. "ನಿನ್ನೆ ನಿಲ್ಲಿಸ್ತೀನಿ ಅಂದ್ಯಲ್ಲ, ಅದಕ್ಕೆ ಬರೆದೆ. ಇಲ್ದಿದ್ರೆ ಪಾರ್ಕಲ್ಲಿ ಅವರಿಗೆ ಏನು ಹೇಳೋದು?"

"ಯಾರಿಗೆ?"

"ನಮ್ಮ ಡಿಪೋದವರು. ರಿಟೈರ್ ಆದೋರೆಲ್ಲ ಬೆಳಿಗ್ಗೆ ಸೇರ್ತೀವಿ. ಯಾರು ಬರೆಯೋದು ಅಂತ ಹೇಳ್ದೆ ನಾನೇ ಕಳಿಸಿದ್ದೆ, ಈಗ ಎಲ್ರ ಫೋನಲ್ಲೂ ನಿಂದೇ. ಹೊಟ್ಟೆ ಹಿಡ್ಕೊಂಡು ನಗ್ತಾರೆ. ಪಾಪ, ಆ ಸೈಲೆನ್ಸರ್ ಯಾರೋ ಮಹಾರಾಯ, ಅಂತಾರೆ. ನಾನೂ ಹೌದು ಪಾಪ ಅಂತೀನಿ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟು ಜನ. ಪಾರ್ಕಿನ ಬೆಂಚುಗಳ ಮೇಲೆ, ಅವಳಿಗೆ ಗೊತ್ತೇ ಇಲ್ಲದೆ. ಸಂತೋಷವಾದರೂ ಬಾಯಿಂದ ಹೊರಟದ್ದು ಸಿಟ್ಟೇ. "ಅವರಾದ್ರೂ ಚೆನ್ನಾಗಿದೆ ಅಂತ ಒಂದು ಮಾತು ಹಾಕಬಾರದಿತ್ತಾ ಮಾವ?"

ಮಾವ ಮೊದಲ ಸಲ ತಲೆಯೆತ್ತಿ ನೋಡಿದರು. "ಅಷ್ಟು ವರ್ಷ ಬಸ್ ಓಡಿಸಿದೀನಿ. ಇಳಿಯೋವಾಗ ಚೆನ್ನಾಗಿ ಓಡಿಸಿದ್ರಿ ಅಂತ ಒಬ್ಬ ಪ್ಯಾಸೆಂಜರೂ ಅಂದಿಲ್ಲ ಕಣಮ್ಮ. ಮಾರನೇ ದಿನ ಅದೇ ಸ್ಟಾಪಲ್ಲಿ ನಿಂತಿರ್ತಿದ್ರು. ನಂಗೆ ಅಷ್ಟು ಸಾಕಾಗ್ತಿತ್ತು."

ಅವಳು ಒಳಗೆ ಬಂದು ಕೂತು, ನಿನ್ನೆಯದನ್ನು ಅಳಿಸಿದಳು. "ನಮ್ಮ ಮನೆಯ ಸೈಲೆನ್ಸರ್ ಬಂಗಾರದಂಥ ಮನುಷ್ಯ" ಎಂದು ಶುರು ಮಾಡಿದಳು. ಹಿಂದೆ ನಿಂತು ಇಣುಕುತ್ತಿದ್ದ ಗಂಡ, "ಇದ್ಯಾರಿದು, ನಂಗೆ ಪರಿಚಯವೇ ಇಲ್ವಲ್ಲ?" ಎಂದ. ಅವಳಿಗೂ ನಗು ಬಂತು. ಆ ಸಾಲನ್ನೂ ಅಳಿಸಿ ಬರೆದಳು:

"ನಮ್ಮ ಮನೆಯ ಸೈಲೆನ್ಸರ್ ಇವತ್ತು ಫ್ಯಾನ್ ರಿಪೇರಿ ಮಾಡಿದರು. ಈಗ ಅದು ಸದ್ದನ್ನೂ ಮಾಡುವುದಿಲ್ಲ, ಗಾಳಿಯನ್ನೂ ಕೊಡುವುದಿಲ್ಲ."

ಬ್ಲಾಗಿಗೆ ಹಾಕಿದ ಮೇಲೆ ಪರದೆಯ ಕಡೆ ನೋಡುತ್ತ ಕೂರಲಿಲ್ಲ. ಮಾವನ ನಗು ಕೇಳಿಸೀತೇ ಎಂದು ವರಾಂಡದ ಕಡೆಗೆ ಕಿವಿಗೊಟ್ಟಳು.